ಒಣ ಕ್ರಾಸಿನ ಅಧ್ಯಾಯ

ನಮ್ಮ ಬಡಾವಣೆಯಲ್ಲಿ ಒಂದನೇ ಕ್ರಾಸಿನ ಆಲಿಕಲ್ಲು ಎರಡನೇ ಕ್ರಾಸಿಗೆ ಬೀಳುವುದಿಲ್ಲ. ಎರಡನೇ ಕ್ರಾಸಿನ ಸುಂಟರಗಾಳಿ ಮೂಲೆಯ ವಿದ್ಯುತ್ ಕಂಬದವರೆಗೆ ಬಂದು ಅಲ್ಲಿಂದ ಹಿಂದಕ್ಕೆ ತಿರುಗುತ್ತದೆ. ಮೂರನೆಯದರಲ್ಲಿ ನೆರೆ ಬಂದು ಕಿಟಕಿಯ ಮಟ್ಟಕ್ಕೆ ನೀರು ನಿಂತಾಗಲೂ ನಾಲ್ಕನೆಯದರ ಹೆಂಗಸರು ಅಂಗಳದಲ್ಲಿ ರಂಗೋಲಿ ಹಾಕುತ್ತಿರುತ್ತಾರೆ. ಯಾಕೆ ಹೀಗೆ ಎಂದು ಕೇಳುವವರು ಹೊರಗಿನವರು. ಅಳೆಯುವ ಯಂತ್ರ ಹೊತ್ತು ತಂದವರೂ ಇದ್ದರು. ಊಟ ಮಾಡಿ, ಕೈ ತೊಳೆದು, ಯಂತ್ರ ಹೊತ್ತುಕೊಂಡು ಹೋದರು. ನಾವು ಕೇಳುವುದಿಲ್ಲ. ಅವರವರ ಕ್ರಾಸಿಗೆ ಬಂದದ್ದನ್ನು ಅವರವರು ತಡೆದುಕೊಳ್ಳುತ್ತೇವೆ. ತಡೆದುಕೊಂಡದ್ದನ್ನು ನಾಲ್ಕು ಜನರ ಮುಂದೆ ಹೇಳಿಕೊಳ್ಳದೆ ಬಿಡುವುದೂ ಇಲ್ಲ.

ಹೇಳಿಕೊಳ್ಳಬಾರದು ಯಾಕೆ? ಅರವತ್ತು ವರ್ಷದಿಂದ ಇಲ್ಲಿ ಬದುಕಿದ್ದೇವೆ. ಮೂರನೆಯದರವರ ಮಂಚದ ಕೆಳಗೆ ಒಂದೊಂದು ಹರಿಗೋಲು ಇರುತ್ತದೆ. ಸುತ್ತಮುತ್ತ ಕೆರೆಯಿಲ್ಲ, ಹೊಳೆಯಿಲ್ಲ, ಆದರೂ ಆ ಕ್ರಾಸಿನಲ್ಲಿ ಈಜು ಬಾರದ ಸೊಸೆ ಇಲ್ಲ. ಐದನೆಯದರಲ್ಲಿ ನೆಲ ನಡುಗುತ್ತದೆ, ಹಾಗಾಗಿ ಅಲ್ಲಿ ಗೋಡೆಗೆ ಮೊಳೆ ಹೊಡೆಯುವುದಿಲ್ಲ. ಸತ್ತವರ ಫೋಟೋವನ್ನೂ ಚಾಪೆಯ ಮೇಲೆ ಮಲಗಿಸಿ ಹೂವಿಡುತ್ತಾರೆ. ಚಹಾ ಕೊಟ್ಟರೆ ಅರ್ಧ ಲೋಟ. ಗೊತ್ತಿಲ್ಲದ ನೆಂಟರು ಇದನ್ನು ಜಿಪುಣತನ ಎಂದುಕೊಂಡು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಎರಡನೆಯದರ ಜನ ಗಾಳಿಯಿಲ್ಲದ ದಿನವೂ ಕೂಗಿಯೇ ಮಾತಾಡುತ್ತಾರೆ, ಅವರ ಪಕ್ಕ ಕೂತು ಗುಟ್ಟು ಹೇಳಬಾರದು.

ನಾನು ಹುಟ್ಟಿದ್ದು ನಾಲ್ಕನೇ ಕ್ರಾಸಿನಲ್ಲಿ. ಸಿಡಿಲಿನ ಕ್ರಾಸು. ಹೆಸರು ಸರ್ವಮಂಗಳ, ಕನ್ನಡ ಟೀಚರ್, ಈಗ ನಿವೃತ್ತಿ. ಅಮ್ಮ ನನ್ನ ಜಡೆಯನ್ನು ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು, ತಲೆಗೆ ಪಿನ್ನು ಸಿಕ್ಕಿಸಿಕೊಂಡರೆ ಬೆನ್ನಿಗೆ ಏಟು ಬೀಳುತ್ತಿತ್ತು. ಅ ಆ ಕಲಿಯುವ ಮೊದಲೇ ಮಿಂಚಿಗೂ ಗುಡುಗಿಗೂ ನಡುವೆ ಎಣಿಸುವುದನ್ನು ಕಲಿತವರು ನಾವು. ನನಗೆ ಒಂಬತ್ತು ವರ್ಷವಾಗಿದ್ದಾಗ ಮನೆಯೆದುರಿನ ಬೇವಿನ ಮರಕ್ಕೆ ಸಿಡಿಲು ಹೊಡೆದು ಮರ ಬುಡದವರೆಗೆ ಸೀಳಿತು. ನಾನು ಜಗಲಿಯ ಮೇಲೆ ನಿಂತು ಎಣಿಸುತ್ತಿದ್ದೆ. ಮೂರಕ್ಕೆ ಬರುವ ಮೊದಲೇ ಹೊಡೆಯಿತು. ನಾನು ರೆಪ್ಪೆ ಮಿಟುಕಿಸಲಿಲ್ಲ. ಈ ಕಥೆಯನ್ನು ಮೂವತ್ತು ವರ್ಷ ಪಾಠ ಮಾಡಿದ ಪ್ರತಿಯೊಂದು ತರಗತಿಗೂ ಹೇಳಿದ್ದೇನೆ. ಗುಡುಗಿದಾಗ ಬೆಂಚಿನ ಕೆಳಗೆ ನುಗ್ಗುವ ಮಕ್ಕಳನ್ನು ಕಿವಿ ಹಿಡಿದು ಎಬ್ಬಿಸಿ ಹೇಳಿದ್ದೇನೆ.

ಬಡಾವಣೆಯಲ್ಲಿ ಯಾರಾದರೂ ಎದುರಾದರೆ ‘ಊಟ ಆಯ್ತಾ’ ಎಂದು ಕೇಳುವ ರೂಢಿಯಿಲ್ಲ. ‘ಏನ್ ತಡೆದ್ರಿ?’ ಎಂದು ಕೇಳುತ್ತೇವೆ. ಎದುರಿನವರು ತಮ್ಮ ಕ್ರಾಸಿನ ಇತ್ತೀಚಿನದನ್ನು ಹೇಳಬೇಕು, ಹೇಳಿ ಮುಗಿಸುವಾಗ ‘ನಾವಂತೂ ಮನೆ ಬಿಟ್ಟು ಕದಲಲಿಲ್ಲ’ ಎನ್ನಬೇಕು. ಆಮೇಲೆ ಬೇರೆ ಮಾತು. ಈ ಪ್ರಶ್ನೆಗೆ ಉತ್ತರವಿಲ್ಲದವರು ಆರನೇ ಕ್ರಾಸಿನವರು ಮಾತ್ರ. ಅಲ್ಲಿ ಏನೂ ಆಗುವುದಿಲ್ಲ. ಹಿತವಾದ ಬಿಸಿಲು, ಹದವಾದ ಮಳೆ. ಉಳಿದ ಐದು ಕ್ರಾಸುಗಳ ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಒಣಗುವುದು ಅಲ್ಲಿಯೇ. ಅದಕ್ಕೇ ಒಣ ಕ್ರಾಸು ಎಂಬ ಹೆಸರು. ‘ಏನ್ ತಡೆದ್ರಿ’ ಎಂದರೆ ಅವರು ‘ನೀವ್ ಹೇಳಿ’ ಎಂದು ಸುಮ್ಮನಾಗುತ್ತಾರೆ. ಮದುವೆ ಮನೆಯಲ್ಲಿ ಅವರು ಕೂರುವುದು ಕೊನೆಯ ಪಂಕ್ತಿಯಲ್ಲಿ.

ಅಂಥ ಒಣ ಕ್ರಾಸಿಗೆ ನಮ್ಮಪ್ಪ ನನ್ನನ್ನು ಕೊಟ್ಟರು. ಒಂದನೆಯದರಿಂದ ಎರಡು ಸಂಬಂಧ ಬಂದಿದ್ದವು, ಅವನ್ನು ಬಿಟ್ಟು ಇದನ್ನು ಒಪ್ಪಿಕೊಂಡರು. ನಾನು ಮೂರು ದಿನ ಅತ್ತೆ. ‘ಅಪ್ಪಾ, ಅಲ್ಲಿ ಏನಿದೆ’ ಎಂದು ಕೇಳಿದರೆ ಅವರು ‘ಇದೆ ಹೋಗವ್ವಾ’ ಎಂದಷ್ಟೇ ಹೇಳಿದರು. ಅವರು ಮೋಸ ಹೋದರು ಎಂದೇ ಮೂವತ್ತನಾಲ್ಕು ವರ್ಷ ಅಂದುಕೊಂಡಿದ್ದೆ. ಗಂಡ ತಿಪ್ಪೇರುದ್ರ ಒಳ್ಳೆಯವರು, ಪೇಪರು ಕೈಗೆ ಸಿಕ್ಕರೆ ಇನ್ನೇನೂ ಬೇಡ. ಮಾವ ಮುರಿಗೆಪ್ಪನವರು ಮಾತೇ ಆಡದ ಮನುಷ್ಯ. ಅತ್ತೆ ಕರಿಬಸಮ್ಮನವರ ಮುಂದೆ ನಾನು ತವರಿನ ಸಿಡಿಲಿನ ಕಥೆಯನ್ನು ಎಷ್ಟು ಸಲ ಹೇಳಿದೆನೋ ದೇವರಿಗೇ ಗೊತ್ತು. ಪ್ರತಿ ಸಲವೂ ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, ಪೂರ್ತಿ ಕೇಳಿ, ‘ಗಟ್ಟಿ ಹುಡುಗಿ’ ಎನ್ನುತ್ತಿದ್ದರು.

ಒಂದು ವಿಷಯ ಮುಚ್ಚಿಡುವುದಿಲ್ಲ. ಬೇರೆ ಕ್ರಾಸುಗಳಿಗೆ ಏನಾದರೂ ಬಂದಾಗ ಜನ ನಮ್ಮ ಮನೆಗೆ ಬರುತ್ತಿದ್ದರು. ಬರುತ್ತಿದ್ದರು, ಉಣ್ಣುತ್ತಿದ್ದರು, ಮಲಗುತ್ತಿದ್ದರು, ಅದು ನಿಂತ ಮೇಲೆ ಹೋಗುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹಾಗೆ ಬಂದವರು ಹೋದ ಮೇಲೆ ‘ಅವರು ಯಾರತ್ತೆ’ ಎಂದು ಕೇಳಿದ್ದೆ. ‘ಯಾರೂ ಬಂದಿರಲಿಲ್ಲ’ ಎಂದರು. ಆರನೇ ಕ್ರಾಸಿನ ಎಲ್ಲ ಮನೆಯಲ್ಲೂ ಅದೇ ಉತ್ತರ ಎಂದು ಆಮೇಲೆ ತಿಳಿಯಿತು. ಮರುದಿನ ಅದೇ ಜನ ರಸ್ತೆಯಲ್ಲಿ ಸಿಕ್ಕರೆ ‘ನಾವಂತೂ ಮನೆ ಬಿಟ್ಟು ಕದಲಲಿಲ್ಲ’ ಎನ್ನುತ್ತಿದ್ದರು, ಅತ್ತೆ ತಲೆಯಾಡಿಸುತ್ತಿದ್ದರು. ನಾನು ರೊಟ್ಟಿ ತಟ್ಟಿ ತಟ್ಟಿ ಕೈ ನೋಯಿಸಿಕೊಂಡು, ಸೋತವರಿಗೆ ಮನೆ ಛತ್ರವಾಯಿತಲ್ಲ ಎಂದು ಒಳಗೇ ಗೊಣಗುತ್ತಿದ್ದೆ. ಸಿಡಿಲು ಬರುವುದು ಹೆಚ್ಚಾಗಿ ಮಧ್ಯಾಹ್ನ, ಆಗ ನಾನು ಶಾಲೆಯಲ್ಲಿರುತ್ತಿದ್ದೆ. ನಮ್ಮ ನಾಲ್ಕನೆಯದರವರು ಯಾರೂ ಹೀಗೆ ಓಡಿ ಬರುವವರಲ್ಲ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು.

ಹನ್ನೆರಡು ವರ್ಷದ ಹಿಂದೆ ಮಾವ ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕಳಿಸುವ ಮುಂಚೆ ಬಡಾವಣೆಯ ಸಂಘದ ಅಧ್ಯಕ್ಷರು ಎದ್ದು ನಿಂತು, ಅವರು ಜೀವಮಾನದಲ್ಲಿ ತಡೆದುಕೊಂಡದ್ದನ್ನೆಲ್ಲ ಒಂದೊಂದಾಗಿ ಹೇಳಬೇಕು. ಕೆಲವರದು ಮುಗಿಯುವಷ್ಟರಲ್ಲಿ ಕೂತವರ ಕಾಲು ಜೋಮು ಹಿಡಿಯುತ್ತದೆ. ಮಾವನವರ ದಿನ ಅಧ್ಯಕ್ಷ ಪಾಲಾಕ್ಷಯ್ಯ ಎದ್ದು ನಿಂತರು. ಒಂದನೇ ಕ್ರಾಸಿನವರು, ಎತ್ತರದ ಆಳು, ಗಂಟೆ ಬಾರಿಸಿದ ಹಾಗೆ ಧ್ವನಿ. ‘ಮುರಿಗೆಪ್ಪನವರು’ ಎಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ‘ಒಳ್ಳೆಯವರಾಗಿದ್ದರು’ ಎಂದು ಕೂತುಬಿಟ್ಟರು. ನಮ್ಮ ಬಡಾವಣೆಯಲ್ಲಿ ಹೆಣದ ಮುಂದೆ ಬರೀ ಅಷ್ಟು ಹೇಳಿ ಕೂರುವುದೆಂದರೆ ಮುಖಕ್ಕೆ ಹೊಡೆದ ಹಾಗೆ. ಅತ್ತೆ ಅಳಲಿಲ್ಲ, ಸೆರಗು ಬಿಗಿಮಾಡಿಕೊಂಡು ಕೂತಿದ್ದರು. ಆ ದಿನ ಅವರ ಮುಖ ನೋಡಿ ನನಗೆ ಮೊದಲ ಸಲ ಅವರ ಮೇಲೆ ಅಯ್ಯೋ ಎನಿಸಿತು.

ಈ ವರ್ಷ ಬಡಾವಣೆಗೆ ಅರವತ್ತು ತುಂಬಿತು. ಆಗಿಹೋದ ಎಲ್ಲ ವಿಕೋಪಗಳ ಚರಿತ್ರೆಯೊಂದನ್ನು ಬರೆಸಬೇಕೆಂದು ಸಂಘ ತೀರ್ಮಾನಿಸಿತು. ಇನ್ನು ಮೇಲೆ ಸಾವಿನ ಮನೆಯಲ್ಲಿ ಬಾಯಿಗೆ ಬಂದದ್ದು ಹೇಳುವ ಹಾಗಿಲ್ಲ, ಪುಸ್ತಕ ತೆರೆದು ಓದಬೇಕು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಾಲಾಕ್ಷಯ್ಯ ತಾವೇ ಮನೆಗೆ ಬಂದು ದಪ್ಪ ರಟ್ಟಿನ ಪುಸ್ತಕ ಕೊಟ್ಟು, ‘ಮೇಡಂ, ನಿಮ್ಮ ಅಕ್ಷರ ಮುತ್ತಿನಂಗಿದೆ. ಆದರೆ ಒಂದು ನಿಯಮ. ಪ್ರತಿಯೊಂದಕ್ಕೂ ಮೂರು ಸಾಕ್ಷಿ. ಸಭೆಯಲ್ಲಿ ಎದ್ದು ನಿಂತು, ಕಂಡಿದೀನಿ ಅಂತ ಹೇಳಿ ಸಹಿ ಹಾಕ್ಬೇಕು’ ಎಂದರು. ನಾನು ಹೆಮ್ಮೆಯಿಂದ ಉಬ್ಬಿ ಹೋದೆ.

ಅವರು ಹೋದ ಮೇಲೆ ಅತ್ತೆ ಕೇಳಿದರು: ‘ನಮ್ಮ ಕ್ರಾಸಿಗೆ ಎಷ್ಟು ಪುಟ ಬರೀತಿ?’

ನಾನು ನಕ್ಕುಬಿಟ್ಟೆ. ‘ನಮ್ಮಲ್ಲಿ ಏನಾಗಿದೆ ಅಂತ ಬರೀಲಿ ಅತ್ತೆ?’

ಎಂಬತ್ತೆರಡರ ಮುದುಕಿ ನನ್ನನ್ನೇ ನೋಡಿದರು. ‘ನಂದು ಇನ್ನೆಷ್ಟು ದಿನ. ನಿನ್ನ ಮಾವ ಹೋದ ದಿನವಂತೂ ಹೇಳೋಕೆ ಏನೂ ಇರಲಿಲ್ಲ. ನನಗೊಂದು ಸಾಲು ಬೇಕು ಕಣವ್ವ, ಒಂದೇ ಒಂದು ಸಾಲು’ ಎಂದರು. ನಾನು ಟೀಚರ್ ಧ್ವನಿಯಲ್ಲಿ, ಆಗದೇ ಇದ್ದದ್ದನ್ನು ಬರೆದರೆ ಅದು ಚರಿತ್ರೆ ಆಗುವುದಿಲ್ಲ ಎಂದೆ. ಅವರು ಎದ್ದು ಒಳಗೆ ಹೋದರು. ಒಂಬತ್ತು ದಿನ ನನ್ನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಕರೆದರೆ ಬರುತ್ತಿದ್ದರು, ಉಂಡು ತಟ್ಟೆ ತೊಳೆದಿಟ್ಟು ಹೋಗುತ್ತಿದ್ದರು. ಆದರೂ ಸುಳ್ಳು ಬರೆಯುವುದು ಹೇಗೆ?

ಆ ಒಂಬತ್ತು ದಿನ ನಾನು ಕ್ರಾಸಿನಿಂದ ಕ್ರಾಸಿಗೆ ಅಲೆದೆ. ಮೊದಲು ಪಾಲಾಕ್ಷಯ್ಯನವರ ಮನೆ. ಮೂವತ್ತೆಂಟು ವರ್ಷದ ಹಿಂದಿನ ದೊಡ್ಡ ಆಲಿಕಲ್ಲಿನ ಕಥೆ ಯಾರಿಗೆ ಗೊತ್ತಿಲ್ಲ? ತೆಂಗಿನಕಾಯಿ ಗಾತ್ರದ ಕಲ್ಲು ಬೀಳುತ್ತಿದ್ದಾಗ ಅವರು ಹಿತ್ತಾಳೆ ಕೊಳಗವನ್ನು ತಲೆಗೆ ಕವುಚಿಕೊಂಡು ಹೋಗಿ, ಹಿಂದಿನ ಕೋಣೆಯಲ್ಲಿ ಸಿಕ್ಕಿಕೊಂಡಿದ್ದ ತಮ್ಮ ತಾಯಿಯನ್ನು ಎತ್ತಿಕೊಂಡು ಬಂದಿದ್ದರು. ಕೊಳಗವನ್ನು ಈಗಲೂ ನಡುಮನೆಯಲ್ಲಿ ಇಟ್ಟಿದ್ದಾರೆ, ಮೈತುಂಬ ತಗ್ಗು. ಬರೆದುಕೊಂಡೆ. ಆದರೆ ಅದು ಯಾವ ತಿಂಗಳು ಎಂದರೆ ಅವರು ಚೈತ್ರ ಎಂದರು, ಪಕ್ಕದ ಮನೆಯವರು ವೈಶಾಖ ಎಂದರು, ಎದುರು ಮನೆಯವರು ಎರಡು ಸಲ ಬಂದಿತ್ತು ಎಂದರು. ಮೂರನೇ ಕ್ರಾಸಿನ ಹಾಲಮ್ಮನಿಗೆ ದೊಡ್ಡ ನೆರೆಯ ನೀರು ತೊಲೆಯವರೆಗೆ ಬಂದದ್ದು ನೆನಪು. ಅವಳ ಗಂಡನಿಗೆ ಮೊಣಕಾಲವರೆಗೆ. ಇಬ್ಬರೂ ನನ್ನೆದುರೇ ಜಗಳಕ್ಕೆ ನಿಂತರು. ಐದನೆಯದರಲ್ಲಂತೂ ನೆಲ ನಡುಗಿದ್ದು ಹಗಲೋ ಸಂಜೆಯೋ ಎನ್ನುವುದಕ್ಕೇ ಎರಡು ಪಕ್ಷವಾಯಿತು. ಮೂರು ಜನ ಒಂದೇ ಮಾತು ಹೇಳಿದ ಒಂದು ವಿಕೋಪವೂ ಸಿಗಲಿಲ್ಲ. ಸಾಕ್ಷಿಯಿಲ್ಲದೆ ಒಂದು ಪುಟವೂ ನಿಲ್ಲುವುದಿಲ್ಲ, ಸಭೆಗೆ ಎರಡೇ ವಾರ ಉಳಿದಿತ್ತು.

ಹತ್ತನೇ ದಿನ ಊಟದ ತಟ್ಟೆಯ ಮುಂದೆ ಕೂತು ನಾನು ತಲೆ ಚಚ್ಚಿಕೊಂಡೆ. ‘ಅನುಭವಿಸಿದವರಿಗೇ ನೆನಪಿಲ್ಲ ಅಂದ್ರೆ ಯಾರನ್ನ ಕೇಳ್ಲಿ ನಾನು? ದೊಡ್ಡ ನೆರೆ ಬಂದದ್ದು ಸೋಮವಾರವಂತೆ, ಶುಕ್ರವಾರವಂತೆ.’

ಅತ್ತೆ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಕೇರುವುದನ್ನು ನಿಲ್ಲಿಸದೆ ಹೇಳಿದರು: ‘ಮಂಗಳವಾರ. ಮಧ್ಯಾಹ್ನ ಎರಡೂವರೆ. ನೀರು ಇಳಿದದ್ದು ಗುರುವಾರ ಬೆಳಿಗ್ಗೆ. ಕಿಟಕಿ ಸರಳಿನವರೆಗೆ ಬಂದಿತ್ತು.’

‘ನಿಮಗೆ ಹೇಗೆ ಗೊತ್ತು?’

‘ಇಲ್ಲಿಗೆ ಬಂದಿದ್ರಲ್ಲ, ನೀನು ಈ ಮನೆಗೆ ಬರೋಕೆ ಮುಂಚೆ. ಮೂವತ್ತೊಂದು ಜನ. ಸೊಂಟದ ತನಕ ನೆಂದಿದ್ರು, ಆಳೆತ್ತರ ಬಂದಿದ್ರೆ ತಲೆ ನೆನೀಬೇಕಿತ್ತಲ್ಲ. ಮಂಗಳವಾರ ಅಂತ ಯಾಕೆ ನೆನಪು ಅಂದ್ರೆ ಅವತ್ತು ಸಂತೆ. ತರಕಾರಿ ಎಲ್ಲ ಒಂದೇ ಊಟಕ್ಕೆ ಖಾಲಿಯಾತು.’

ನಾನು ಎಡಗೈಯಲ್ಲೇ ಪೆನ್ನು ಹಿಡಿದೆ. ಅವತ್ತು ಸಂಜೆಯವರೆಗೆ ಕೇಳಿದೆ, ಮರುದಿನವೂ ಕೇಳಿದೆ. ಒಂದೊಂದಕ್ಕೂ ವಾರ, ಹೊತ್ತು, ಬಂದವರ ಲೆಕ್ಕ, ಎಷ್ಟು ಹೊತ್ತು ಇದ್ದರು, ಯಾವ ಗಾಯಕ್ಕೆ ಏನು ಕಟ್ಟಿದರು, ಎಲ್ಲವೂ ಅವರ ತಲೆಯಲ್ಲಿ ಇತ್ತು. ಹೊಡೆತ ಬಿದ್ದ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡವರಿಗೆ ಏನು ಕಂಡೀತು? ಕಣ್ಣು ಬಿಟ್ಟುಕೊಂಡು ನಿಂತಿದ್ದವರು ಇವರು. ಐದು ಕ್ರಾಸಿನ ಚರಿತ್ರೆಯೂ ಈ ಒಬ್ಬ ಮುದುಕಿಯ ಹತ್ತಿರ ಇದೆ, ನಾನು ಊರೆಲ್ಲ ಸುತ್ತಿ ಮನೆಯಲ್ಲಿ ಕೇಳುವುದನ್ನು ಮರೆತಿದ್ದೆ. ಅತ್ತೆ ಎಲ್ಲ ಹೇಳಿದರು, ಹೆಸರು ಮಾತ್ರ ಹೇಳಲಿಲ್ಲ. ‘ಯಾರ್ಯಾರು ಬಂದಿದ್ರು?’ ಎಂದರೆ, ‘ಯಾರೋ ಬಂದಿದ್ರು ಬಿಡು’ ಎನ್ನುತ್ತಿದ್ದರು.

ಕೊನೆಗೆ ನಾಲ್ಕನೇ ಕ್ರಾಸಿನ ಬೇವಿನ ಮರದ ಸಿಡಿಲಿಗೆ ಬಂದೆವು. ‘ಇದು ನಂಗೇ ಗೊತ್ತು ಬಿಡಿ’ ಎಂದೆ. ಅತ್ತೆ ಮೊರದ ಅಕ್ಕಿಯಲ್ಲಿ ಕಲ್ಲು ಹುಡುಕಿದರು. ವಿವರಕ್ಕಿರಲಿ ಎಂದು ‘ಎಷ್ಟು ಜನ ಬಂದಿದ್ರು?’ ಎಂದು ಕೇಳಿದೆ, ಯಾರೂ ಬಂದಿರಲಿಲ್ಲ ಎನ್ನುತ್ತಾರೆಂದು ಕಾದೆ.

‘ಹದಿನಾಲ್ಕು ಜನ’ ಎಂದರು. ಆಮೇಲೆ, ಬೇಡ ಬೇಡ ಎಂದುಕೊಂಡೇ ಹೇಳಿದ ಹಾಗೆ, ‘ಒಂದು ಹೆಣ್ಣು ಮಗು ಮೂರು ದಿನ ಮಾತೇ ಆಡಲಿಲ್ಲ. ನನ್ನ ಸೆರಗು ಹಿಡಿದದ್ದು ಬಿಡಲಿಲ್ಲ. ಹಿತ್ತಲಿಗೆ ಹೋದರೂ ಜೊತೆಗೇ ಬರ್ತಿತ್ತು. ಒಂದು, ಎರಡು ಅಂತ ಬಾಯಿ ಮಾತ್ರ ಆಡ್ತಿತ್ತು, ಸದ್ದಿಲ್ಲ’ ಎಂದರು.

‘ಯಾರ ಮಗು ಅತ್ತೆ?’

‘ಅದೆಲ್ಲ ಯಾಕೆ ಬೇಕು ಈಗ’ ಎಂದು ಮೊರ ಎತ್ತಿಕೊಂಡು ಎದ್ದರು.

ನನಗೆ ಕುತೂಹಲ ತಡೆಯಲಿಲ್ಲ. ನಮ್ಮ ಕ್ರಾಸಿನ ಅಂಥ ಪುಕ್ಕಲಿ ಯಾರಿರಬಹುದು? ಮಾರನೇ ಬೆಳಿಗ್ಗೆಯೇ ತವರಿಗೆ ಹೋಗಿ ಅಣ್ಣ ಚನ್ನವೀರಪ್ಪನನ್ನು ಕೇಳಿದೆ. ಅವನು ನನಗಿಂತ ಆರು ವರ್ಷ ದೊಡ್ಡವನು, ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ ಉಗುಳಿ ನನ್ನ ಮುಖ ನೋಡಿದ. ‘ತಮಾಷೆ ಮಾಡ್ತಿದೀಯೇನೆ?’ ಎಂದ.

‘ಇಲ್ಲ, ಪುಸ್ತಕಕ್ಕೆ.’

‘ನೀನೇ ಅಲ್ವೇನೆ. ಅಪ್ಪ ನಿನ್ನ ಹೊತ್ಕೊಂಡು ಓಡಿದ್ರು, ನಾವೆಲ್ಲ ಹಿಂದೆ. ನಾಲ್ಕನೇ ದಿನ ಕರ್ಕೊಂಡ್ ಹೋಗೋಕೆ ಬಂದ್ರೆ ನೀನು ಕರಿಬಸಮ್ಮನ ಬಿಡಲ್ಲ ಅಂತ ಹಟ. ಅಪ್ಪ ಆವತ್ತೇ ಅಂದಿದ್ರು, ಈ ಮನೆಗೇ ಕೊಟ್ಬಿಡ್ತೀನಿ ಅಂತ. ನಿಜವಾಗ್ಲೂ ನೆನಪಿಲ್ವ ನಿಂಗೆ?’

ನೆನಪಿರಲಿಲ್ಲ. ಜಗಲಿ, ಎಣಿಕೆ, ಮಿಟುಕದ ರೆಪ್ಪೆ, ಇಷ್ಟೇ ನೆನಪಿದ್ದದ್ದು. ಅದನ್ನು ಯಾವಾಗ ಕಟ್ಟಿಕೊಂಡೆನೋ, ಹೇಳಿ ಹೇಳಿ ಯಾವಾಗ ನಿಜವಾಯಿತೋ ನನಗೆ ಗೊತ್ತಿಲ್ಲ. ತವರಿನಿಂದ ಮನೆಗೆ ಎರಡು ಕ್ರಾಸಿನ ದೂರ, ಅಷ್ಟು ದಾರಿಯಲ್ಲಿ ನಾನು ಮೂರು ಸಲ ನಿಂತೆ. ಬಂದವಳೇ ಗಂಡನ ಮುಂದೆ ಕೂತು ವಿಷಯ ಹೇಳಿದರೆ ಅವರು ಪೇಪರು ಕೆಳಗಿಳಿಸದೆ, ‘ಹ್ಞೂಂ, ನೀನು ನನ್ನ ಚಾಪೆ ಮೇಲೆ ಮಲಗಿದ್ದೆ. ನಾನು ಮೂರು ದಿನ ಗೋಣಿಚೀಲದ ಮೇಲೆ’ ಎಂದರು.

‘ಮೂವತ್ತನಾಲ್ಕು ವರ್ಷ ಯಾಕ್ರೀ ಹೇಳಲಿಲ್ಲ?’

‘ಯಾರೂ ಬಂದಿರಲಿಲ್ಲವಲ್ಲ’ ಎಂದರು ನನ್ನ ಗಂಡ.

ಅವತ್ತು ನನಗೆ ಆದ ನಾಚಿಕೆಯನ್ನು ನಾನು ಮುಚ್ಚುವುದಿಲ್ಲ. ಒಣ ಕ್ರಾಸು ಎಂದು ಆಡಿಕೊಂಡಿದ್ದೆ. ಸೋತವರ ಛತ್ರ ಎಂದಿದ್ದೆ. ನನ್ನನ್ನು ಮಡಿಲಲ್ಲಿಟ್ಟುಕೊಂಡವರ ಮುಂದೆಯೇ ಕೂತು ರೆಪ್ಪೆ ಮಿಟುಕಿಸಲಿಲ್ಲ ಎಂದು ಜಂಬ ಹೊಡೆದಿದ್ದೆ, ಅವರು ಒಂದು ಸಲವೂ ತುಟಿಯಂಚಿನಲ್ಲಿ ನಗಲಿಲ್ಲ. ನಾಚಿಕೆಯ ಹಿಂದೆಯೇ ಹೆಮ್ಮೆಯೂ ಬಂತು. ಇಂಥವರ ಮನೆಯ ಸೊಸೆ ನಾನು. ಅತ್ತೆಗೆ ಬೇಕಾದ ಸಾಲನ್ನು ಪುಸ್ತಕದಲ್ಲಿ ಬರೆಸಿಯೇ ತೀರುತ್ತೇನೆ ಎಂದು ನಿಶ್ಚಯ ಮಾಡಿದೆ. ಬೇರೆಯವರ ಗುಟ್ಟು ಒಡೆಯುವ ಹಕ್ಕು ನನಗಿಲ್ಲ, ಆದರೆ ನನ್ನದು ನನ್ನದೇ ತಾನೆ.

ಭಾನುವಾರ ಬೆಳಿಗ್ಗೆ ಸಂಘದ ಹಾಲಿನಲ್ಲಿ ಸಭೆ. ಕೂರಲು ಜಾಗವಿಲ್ಲ. ನಾನು ಐದೂ ಕ್ರಾಸಿನ ಅಧ್ಯಾಯ ಓದಿದೆ. ವಾರ, ಹೊತ್ತು, ನೀರಿನ ಮಟ್ಟ ಎಲ್ಲ ಸರಿಯಾಗಿ ಹೇಳಿದ ಕೂಡಲೇ ಜಗಳವಾಡಿದವರೂ ‘ಹೌದಲ್ಲ, ಸಂತೆ ದಿನ’ ಎಂದು ತಲೆಯಾಡಿಸಿ ಎದ್ದು ನಿಂತು ಸಹಿ ಹಾಕಿದರು. ಚಪ್ಪಾಳೆ ಬಿತ್ತು. ಪಾಲಾಕ್ಷಯ್ಯ ವಂದನೆ ಹೇಳಲು ಎದ್ದರು.

‘ಆರನೇ ಅಧ್ಯಾಯ ಬಾಕಿ ಇದೆ’ ಎಂದೆ.

‘ಆರನೆಯದು ಎಲ್ಲಿಂದ ಬಂತು ಮೇಡಂ? ಏನಾಗಿದೆ ಅಲ್ಲಿ?’

‘ಏನೂ ಆಗಿಲ್ಲ’ ಎಂದೆ. ಹಾಲೆಲ್ಲ ನಕ್ಕಿತು. ಎರಡನೇ ಕ್ರಾಸಿನವರು ಗಟ್ಟಿಯಾಗಿ ನಕ್ಕರು. ಕೊನೆಯ ಸಾಲಿನಲ್ಲಿ ಕೂತಿದ್ದ ಅತ್ತೆ ತಲೆ ತಗ್ಗಿಸಿದರು. ನಾನು ನಗು ನಿಲ್ಲುವವರೆಗೆ ಕಾದೆ, ತರಗತಿಯಲ್ಲಿ ಕಾಯುವ ಹಾಗೆ. ಆಮೇಲೆ ನನ್ನದನ್ನು ಹೇಳಿದೆ. ಬೇವಿನ ಮರ, ಅಪ್ಪನ ಹೆಗಲು, ಮೂರು ದಿನ ಬಿಡದೆ ಹಿಡಿದ ಸೆರಗು. ಅಣ್ಣ ಹೇಳಿದ್ದ ನೆಂದ ಲಂಗವನ್ನೂ ಬಿಡಲಿಲ್ಲ. ಅದು ಮಳೆಗೆ ನೆಂದದ್ದಲ್ಲ ಎಂಬುದನ್ನೂ ಹೇಳಿದೆ. ಎದುರಿಗೆ ಕೂತವರಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು, ಅವರ ಕಿವಿ ಹಿಂಡಿದ ಕೈ ಇದೇ. ಧ್ವನಿ ನಡುಗಿತು, ನಡುಗಲಿ ಎಂದು ಬಿಟ್ಟೆ. ‘ಆರನೇ ಕ್ರಾಸಿಗೆ ನಾನು ಒಂದನೇ ಸಾಕ್ಷಿ’ ಎಂದು ಸಹಿ ಹಾಕಿದೆ. ಅಣ್ಣ ಗೊಣಗುತ್ತಾ ಎದ್ದು ಬಂದು, ‘ನಾನೂ ಹೋಗಿದ್ದೆ ಕಣ್ರಿ’ ಎಂದು ಎರಡನೇ ಸಹಿ ಹಾಕಿದ.

ಮೂರನೆಯದು ಬೇಕಿತ್ತು. ಯಾರೂ ಏಳಲಿಲ್ಲ. ಹಾಲಮ್ಮ ಬಳೆ ತಿರುಗಿಸುತ್ತಾ ಕೂತಿದ್ದಳು, ಅವಳ ಗಂಡ ಛಾವಣಿ ನೋಡುತ್ತಿದ್ದ. ಎದ್ದು ನಿಂತರೆ ಅರವತ್ತು ವರ್ಷದಿಂದ ಹೇಳಿಕೊಂಡು ಬಂದ ಮಾತೆಲ್ಲ ಸುಳ್ಳಾಗುತ್ತದೆ. ನಾನು ಅತ್ತೆಯತ್ತ ನೋಡಿದೆ. ಅವರು ಮನಸ್ಸು ಮಾಡಿದ್ದರೆ ಕೂತಲ್ಲೇ ಬೆರಳು ತೋರಿಸಿ ಒಬ್ಬೊಬ್ಬರನ್ನೇ ಎಬ್ಬಿಸಬಹುದಿತ್ತು. ತಮಗೆ ಬೇಕಾದ ಒಂದೇ ಸಾಲು ಒಂದೇ ಒಂದು ಹೆಸರಿಗೆ ನಿಂತಿತ್ತು. ಅವರು ಮಾತ್ರ ಯಾರ ಮುಖವನ್ನೂ ನೋಡಬಾರದೆಂದು ಕಣ್ಣು ಮುಚ್ಚಿಕೊಂಡಿದ್ದರು.

ಪಾಲಾಕ್ಷಯ್ಯ ಇನ್ನೂ ನಿಂತೇ ಇದ್ದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ‘ಕೊಳಗದ ವಿಷಯ’ ಎಂದರು. ಆ ಧ್ವನಿಗೆ ಏನಾಯಿತೋ, ಮೊದಲ ಸಾಲಿನವರಿಗೂ ಸರಿಯಾಗಿ ಕೇಳಲಿಲ್ಲ. ‘ಅದು ನನ್ನ ತಲೆ ಮೇಲಿರಲಿಲ್ಲ. ನಾನು ಅವ್ವನ್ನ ಒಳಗೇ ಬಿಟ್ಟು ಓಡಿದ್ದೆ. ಕರಿಬಸಮ್ಮ ಅವರ ಮಂಚದ ಕೆಳಗೆ ಹೋಗಿ ಸೇರ್ಕೊಂಡೆ. ಅವ್ವ ಎಲ್ಲಿ ಅಂತ ಆಯಮ್ಮ ಕೇಳಿದ್ಲು. ನಂಗೆ ಬಾಯಿ ಬರಲಿಲ್ಲ. ಮುರಿಗೆಪ್ಪನವರು ಎದ್ದರು. ಅವರ ಮನೆ ಕೊಳಗ ಅದು. ಅವರೇ ಕವುಚಿಕೊಂಡು ಹೋಗಿ ಅವ್ವನ್ನ ಹೊತ್ಕೊಂಡು ಬಂದ್ರು. ಎಡ ಭುಜ ಮುರಿದಿತ್ತು.’

ಮಾವನವರ ಎಡಗೈ ಎತ್ತರಕ್ಕೆ ಏಳುತ್ತಿರಲಿಲ್ಲ. ಹುಟ್ಟಿನಿಂದ ಹಾಗೆ ಎಂದು ಅವರೇ ನನಗೆ ಹೇಳಿದ್ದರು.

‘ಮಾರನೇ ದಿನ ಕೊಳಗ ನನಗೇ ಕೊಟ್ಟು, ಮನೇಲಿಟ್ಕೋ ಅಂದ್ರು’ ಎಂದರು ಪಾಲಾಕ್ಷಯ್ಯ. ‘ಯಾರೋ ನೋಡಿ, ನೀನೇನಾ ಹೋದವನು ಅಂದ್ರು. ಹೌದು ಅಂದೆ. ಅವರು ಸತ್ತ ದಿನ ಮಾತಾಡೋಕೆ ನಿಂತೆನಲ್ಲ, ಹೇಳೋದು ಇತ್ತು. ಇದ್ದದ್ದು ಅದೊಂದೇ. ಹೇಳಲಿಲ್ಲ.’ ನಡೆದು ಬಂದು ಪುಸ್ತಕದ ಮುಂದೆ ಬಗ್ಗಿದರು. ಸಹಿ ಹಾಕಲು ಬಹಳ ಹೊತ್ತು ತೆಗೆದುಕೊಂಡರು.

ಹನ್ನೆರಡು ವರ್ಷದ ಹಿಂದೆ ಅಳದ ಅತ್ತೆ ಅವತ್ತು ಅತ್ತರು. ಅತ್ತು ಮುಗಿಸಿ ನನ್ನ ಮೇಲೆ ರೇಗಿದರು. ‘ಪಾಪ, ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದೆ. ಎಲ್ಲರ ಮುಂದೆ ಆ ಮನುಷ್ಯನ ಬಾಯಲ್ಲಿ ಹೇಳಿಸಿಬಿಟ್ಟೆಯಲ್ಲ’ ಎಂದರು. ಮನೆಗೆ ಬಂದ ಮೇಲೂ ಅದೇ ಮಾತು. ನಾನು ಪುಸ್ತಕ ತೆರೆದು, ‘ಈಗ ಹೇಳಿ, ಏನು ಬರೀಲಿ? ಮಾವನವರ ಕೊಳಗದಿಂದ ಶುರುಮಾಡಲಾ?’ ಎಂದೆ.

‘ಬ್ಯಾಡ. ಯಾರು ಬಂದ್ರು, ಹೆಂಗೆ ಬಂದ್ರು, ಒಂದೂ ಬ್ಯಾಡ. ಹೇಳ್ಕೊಂಡವರು ಹೇಳ್ಕೊಂಡ್ರು. ಪುಸ್ತಕದಾಗೆ ಬ್ಯಾಡ.’

‘ಮತ್ತೆ ಒಂದು ಸಾಲು ಬೇಕು ಅಂದಿದ್ರಿ?’

ಅವರು ಯೋಚಿಸಿದರು. ‘ಏನೂ ಆಗಲಿಲ್ಲ ಅಂತ ಬರಿ. ಅದು ನಿಜ ತಾನೆ.’

ನಾನು ಬರೆದೆ. ‘ಆರನೇ ಕ್ರಾಸು. ಇಲ್ಲಿ ಏನೂ ಆಗಲಿಲ್ಲ.’ ಅತ್ತೆಗೆ ಓದು ಬಾರದು. ‘ಓದು’ ಎಂದರು. ಓದಿದೆ. ಕಣ್ಣು ಮುಚ್ಚಿ ಕೇಳಿ, ‘ಒಂದು ಮಾತು ಕಮ್ಮಿ ಐತೆ. ಯಾರಿಗೂ ಅಂತ ಸೇರಿಸು’ ಎಂದರು. ಸೇರಿಸಿದೆ. ಇಲ್ಲಿ ಯಾರಿಗೂ ಏನೂ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಾಕ್ಯ ರಚನೆ ಕಲಿಸಿದವಳು ನಾನು, ಆ ಒಂದು ಮಾತು ನನಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ಮೂರು ಗಂಟೆಗೆ ಯಾರೋ ಬಾಗಿಲಲ್ಲಿ ಕೆಮ್ಮಿದರು. ಹಾಲಮ್ಮ, ಅವಳ ಹಿಂದೆ ಗಂಡ. ‘ಸಹಿಗೆ ಜಾಗ ಐತಾ?’ ಎಂದಳು. ಹಾಕಿದರು. ಅವರು ಹೊರಡುವಷ್ಟರಲ್ಲಿ ಐದನೆಯದರಿಂದ ನಾಲ್ಕು ಜನ ಬಂದರು, ಆಮೇಲೆ ಎರಡನೆಯದರವರು, ಜೀವನದಲ್ಲಿ ಮೊದಲ ಸಲ ಮೆಲ್ಲಗೆ ಮಾತಾಡುತ್ತಾ. ಯಾರೂ ಯಾವ ಕಥೆಯನ್ನೂ ಹೇಳಲಿಲ್ಲ. ಬಂದರು, ಆ ಒಂದು ಸಾಲು ಓದಿದರು, ಕೆಳಗೆ ಹೆಸರು ಬರೆದರು. ಅತ್ತೆ ಪುಸ್ತಕದ ಪಕ್ಕದಲ್ಲೇ ಮಣೆ ಹಾಕಿಕೊಂಡು ಕೂತರು. ಬಂದವರ ಮುಖ ನೋಡುತ್ತಿದ್ದರು, ಲೆಕ್ಕ ಇಡುವವರ ಹಾಗೆ ಒಂದೊಂದು ಸಲ ತಲೆಯಾಡಿಸುತ್ತಿದ್ದರು. ಸಾಲು ಗೇಟಿನಿಂದಾಚೆ ಬೆಳೆಯಿತು. ನನ್ನ ಗಂಡ ಪೇಪರು ಬಿಟ್ಟು ಎದ್ದು ನೀರು ಕೊಡತೊಡಗಿದರು. ಉಳಿದ ಐದು ಅಧ್ಯಾಯಗಳಲ್ಲಿ ಒಂದೊಂದು ವಿಕೋಪಕ್ಕೆ ಮೂರು, ಹೆಚ್ಚೆಂದರೆ ಐದು ಸಹಿ ಇವೆ. ಈ ಒಂದು ಸಾಲಿನ ಕೆಳಗೆ ಸೂರ್ಯ ಇಳಿಯುವ ಹೊತ್ತಿಗೆ ಹನ್ನೊಂದು ಪುಟ ತುಂಬಿತು.

ಕೊನೆಯವರು ಹೋದರು. ಗೇಟಿನ ಬಳಿ ಯಾರೂ ಇರಲಿಲ್ಲ. ನನ್ನ ಸೊಂಟ ಹಿಡಿದುಕೊಂಡಿತ್ತು, ಕಣ್ಣು ಉರಿಯುತ್ತಿತ್ತು. ಪೆನ್ನಿಗೆ ಕ್ಯಾಪು ಹಾಕಿ ಪುಸ್ತಕದ ರಟ್ಟಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದರು.

‘ಮುಚ್ಚಬ್ಯಾಡ’ ಎಂದರು. ‘ಇನ್ನೂ ಬರೋರು ಅದಾರೆ.’